ಸೆಟ್ ಅಂದರೆ ಕೂರಿಸು

ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ, ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಕೈ ಮುರಿದರೆ ಮೂಳೆ ಕೂರಿಸುತ್ತಾರೆ. ಉಂಗುರಕ್ಕೆ ಹರಳು ಕೂರಿಸುತ್ತಾರೆ, ಹೊಸ ಮನೆಗೆ ಬಾಗಿಲ ಚೌಕಟ್ಟು ಕೂರಿಸುತ್ತಾರೆ, ಕಾವಿಗೆ ಬಂದ ಕೋಳಿಯನ್ನು ಮೊಟ್ಟೆಯ ಮೇಲೆ ಕೂರಿಸುತ್ತಾರೆ. ಈ ಅಷ್ಟೂ ಕೆಲಸಕ್ಕೆ ಇಂಗ್ಲಿಷಿನವರು ಬಳಸುವ ಕ್ರಿಯಾಪದ ಒಂದೇ: ಸೆಟ್. ಮೂಳೆಗೂ ಅದೇ, ಹರಳಿಗೂ ಅದೇ. ಕೋಳಿಯನ್ನು ಕಾವಿಗೆ ಕೂರಿಸುವುದಕ್ಕೆ 'ಸೆಟ್ ಎ ಹೆನ್' ಎಂಬ ಹಳ್ಳಿಯ ಮಾತು ಅಲ್ಲಿಯೂ ಉಂಟು. ಕನ್ನಡದವರು ಹೇಳಿಕೊಟ್ಟದ್ದಲ್ಲ, ಅವರಿಂದ ನಾವು ಕಲಿತದ್ದೂ ಅಲ್ಲ. ಎರಡು ಬೇರೆ ಬೇರೆ ಕುಲದ ಭಾಷೆಗಳು ಒಂದೇ ದಾರಿಯಲ್ಲಿ ನಡೆದಿವೆ.

ಹಾಸನ, ಚಿಕ್ಕಮಗಳೂರು ಕಡೆ ಇಂಗ್ಲಿಷ್ ಕಲಿಯುವ ಮಕ್ಕಳ ನೋಟ್‌ಬುಕ್ಕಿನಲ್ಲಿ ಈ ಪದದ ಎದುರು ಸಾಮಾನ್ಯವಾಗಿ ಒಂದು ಉದ್ದ ಸಾಲು ಇರುತ್ತದೆ: ಇಡು, ಜೋಡಿಸು, ಹೊಂದಿಸು, ನಿಗದಿಪಡಿಸು, ಮುಳುಗು, ಗಟ್ಟಿಯಾಗು, ಗುಂಪು. ಹೀಗೆ ಬಾಯಿಪಾಠ ಮಾಡಿದರೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ, ಏಕೆಂದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣುವುದಿಲ್ಲ. 'ಕೂರಿಸು' ಎಂಬಲ್ಲಿಂದ ಹೊರಟರೆ ಮುಕ್ಕಾಲು ಪಾಲು ಅರ್ಥ ತಾನಾಗಿಯೇ ಸಿಗುತ್ತದೆ. ಉಳಿದ ಕಾಲು ಪಾಲು ಯಾಕೆ ಸಿಗುವುದಿಲ್ಲ ಎಂಬುದಕ್ಕೂ ಕಾರಣವಿದೆ, ಅದನ್ನೂ ಹೇಳುತ್ತೇನೆ.

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಸೆಟ್ಟನ್'. ಕೂರು ಎಂಬರ್ಥದ 'ಸಿಟ್' ಆಗ 'ಸಿಟ್ಟನ್' ಆಗಿತ್ತು. ಜರ್ಮನ್ನಿನ ಸೆಟ್ಸೆನ್, ಡಚ್ಚಿನ ಜೆಟ್ಟನ್, ಸ್ವೀಡಿಷ್‌ನ ಸೆಟ್ಟಾ ಎಲ್ಲವೂ ಇದರ ಒಡಹುಟ್ಟುಗಳು. ಈ ಭಾಷೆಗಳು ಇನ್ನೂ ಒಂದೇ ಆಗಿದ್ದ ಕಾಲದ ರೂಪವನ್ನು ಭಾಷಾಶಾಸ್ತ್ರಜ್ಞರು 'ಸಟ್‌ಯನ್' ಎಂದು ಊಹಿಸಿ ಕಟ್ಟಿದ್ದಾರೆ. ಇದರೊಳಗಿನ ಯಕಾರವೇ ಮುಖ್ಯ. ಅದು ಪ್ರೇರಣಾರ್ಥದ ಪ್ರತ್ಯಯದ ಗುರುತು. ನಮ್ಮ 'ಇಸು' ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಕೂರುಗೆ ಇಸು ಸೇರಿ ಕೂರಿಸು ಆದ ಹಾಗೆ, ಕೂರು ಎಂಬ ಧಾತುವಿಗೆ ಆ ಪ್ರತ್ಯಯ ಸೇರಿ 'ಕೂರುವಂತೆ ಮಾಡು' ಎಂದಾಯಿತು. ಆಮೇಲೆ ಯಕಾರ ತನ್ನ ಹಿಂದಿನ ಅಕಾರವನ್ನು ಎಕಾರದ ಕಡೆಗೆ ಎಳೆದು ತಾನು ಬಿದ್ದುಹೋಯಿತು. ಮ್ಯಾನ್ ಬಹುವಚನದಲ್ಲಿ ಮೆನ್ ಆಗಿರುವುದೂ ಇಂಥದೇ ಎಳೆತದಿಂದ.

ಸಂಸ್ಕೃತ ಓದಿದವರಿಗೆ ಇದು ಇನ್ನೂ ಸುಲಭ. ಪಠತಿ ಎಂದರೆ ಓದುತ್ತಾನೆ, ಪಾಠಯತಿ ಎಂದರೆ ಓದಿಸುತ್ತಾನೆ. ಪತತಿ ಎಂದರೆ ಬೀಳುತ್ತಾನೆ, ಪಾತಯತಿ ಎಂದರೆ ಬೀಳಿಸುತ್ತಾನೆ. ವ್ಯಾಕರಣದಲ್ಲಿ ಇದನ್ನು ಣಿಚ್ ಎನ್ನುತ್ತಾರೆ. ಕೂರು ಎಂಬರ್ಥದ 'ಸದ್' ಧಾತುವಿಗೆ ಣಿಚ್ ಹಚ್ಚಿದರೆ ಸಾದಯತಿ. ಈ ಸಾದಯತಿಯ ರಚನೆ ಮತ್ತು ಸೆಟ್‌ನ ರಚನೆ ಒಂದೇ: ಅದೇ ಧಾತು, ಅದೇ ಪ್ರತ್ಯಯ, ಎರಡು ಕವಲು.

ಇಂಗ್ಲಿಷಿನಲ್ಲಿ ಈ ಪ್ರತ್ಯಯ ಸತ್ತು ಬಹುಕಾಲವಾಗಿದೆ, ಕೆಲವು ಜೋಡಿಗಳು ಮಾತ್ರ ಉಳಿದಿವೆ. ಲೈ ಎಂದರೆ ಮಲಗು, ಲೇ ಎಂದರೆ ಮಲಗಿಸು. ಫಾಲ್ ಎಂದರೆ ಬೀಳು, ಫೆಲ್ ಎಂದರೆ ಬೀಳಿಸು. ಸಿಲ್ವರ್ ಓಕ್ ಕಡಿಯುವುದನ್ನು ತೋಟದವರು 'ಫೆಲ್ಲಿಂಗ್' ಎನ್ನುವುದು ಇದರಿಂದಲೇ. ಡ್ರಿಂಕ್ ಎಂದರೆ ಕುಡಿ, ಡ್ರೆಂಚ್ ಎಂದರೆ ಮೊದಲಿಗೆ ಕುಡಿಸು. ಈಗ ಅದಕ್ಕೆ ತೊಯ್ಯಿಸು ಎಂಬ ಅರ್ಥವೇ ಹೆಚ್ಚು, ಆದರೆ ದನಕ್ಕೆ ಗೊಟ್ಟದಲ್ಲಿ ಔಷಧಿ ಕುಡಿಸುವುದನ್ನು ಪಶುವೈದ್ಯರು ಇಂದಿಗೂ ಡ್ರೆಂಚಿಂಗ್ ಎನ್ನುತ್ತಾರೆ. ಹಳೆಯ ಅರ್ಥ ಅಲ್ಲಿ ಹಾಗೇ ಉಳಿದಿದೆ.

ಇಲ್ಲಿ ಒಂದು ಕಾಲದ ಹೊಂದಾಣಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಆಂಗಲ್ ಮತ್ತು ಸ್ಯಾಕ್ಸನ್ ಜನ ಸಮುದ್ರ ದಾಟಿ ಬ್ರಿಟನ್ನಿಗೆ ಈ ಭಾಷೆಯನ್ನು ಒಯ್ದದ್ದು 5ನೆಯ ಶತಮಾನದಲ್ಲಿ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಕಾಲವೂ ಹೆಚ್ಚು ಕಡಿಮೆ ಅದೇ, ಸುಮಾರು ಕ್ರಿ.ಶ. 450. ಪಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ದತ್ತಿ ಬಿಟ್ಟದ್ದನ್ನು ಹೇಳುವಾಗ ಆ ಕಲ್ಲಿನಲ್ಲಿರುವ ಕ್ರಿಯಾಪದ 'ಕೊಟ್ಟಾರ್'. ಬೇಲೂರಿನ ಸಂತೆಯಲ್ಲಿ ಇಂದು ಕಿವಿಗೆ ಬೀಳುವ 'ಕೊಟ್ಟರು' ಅದೇ ಪದ. ದಿನಬಳಕೆಯ ಕ್ರಿಯಾಪದಗಳು ಭಾಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳುತ್ತವೆ. ರಾಜರ ಬಿರುದುಗಳು ಹೋಗುತ್ತವೆ, ಕೊಡು, ಕೂರು, ಇಡು ಹೋಗುವುದಿಲ್ಲ.

ಸದ್ ಧಾತುವಿಗೆ ಮರಳೋಣ. ಇದರ ಮಕ್ಕಳು ನಮ್ಮ ಮನೆಯಲ್ಲೂ ತುಂಬಿದ್ದಾರೆ. ಸದನ ಎಂದರೆ ಕೂರುವ ಜಾಗ. ಅಲ್ಲಿ ಕೂರುವವನು ಸದಸ್ಯ. ಸುತ್ತ ಕೂತವರು ಪರಿಷತ್ತು. ಗುರುವಿನ ಹತ್ತಿರ ಕೆಳಗೆ ಕೂತು ಕಲಿತದ್ದು ಉಪನಿಷತ್ತು ಎಂಬುದು ಪರಂಪರೆಯ ವಿವರಣೆ. ನನಗೆ ಇವುಗಳಲ್ಲೆಲ್ಲ ಬಹಳ ಇಷ್ಟವಾದದ್ದು 'ಪ್ರಸನ್ನ'. ಕದಡಿದ ನೀರಿನಲ್ಲಿ ಮಣ್ಣು ತಳದಲ್ಲಿ ಕೂತ ಮೇಲೆ ಮೇಲಿನ ನೀರು ತಿಳಿಯಾಗುತ್ತದಲ್ಲ, ಆ ತಿಳಿಗೆ ಪ್ರಸನ್ನ ಎಂದು ಹೆಸರು. ಮನಸ್ಸಿಗೆ ಅದು ಆಮೇಲೆ ಬಂದದ್ದು. ಲ್ಯಾಟಿನ್ನಿನಲ್ಲಿ ಇದೇ ಧಾತು 'ಸೆದೇರೆ' ಆಯಿತು, ಅದರಿಂದ ಇಂಗ್ಲಿಷಿಗೆ ಸೆಡಿಮೆಂಟ್ ಬಂತು. ನಾವು ಮೇಲಿನ ತಿಳಿನೀರಿಗೆ ಹೆಸರಿಟ್ಟೆವು, ಅವರು ತಳದ ಗಸಿಗೆ ಹೆಸರಿಟ್ಟರು.

ಲ್ಯಾಟಿನ್ ದಾರಿಯಲ್ಲಿ ಬಂದವು ಇನ್ನೂ ಇವೆ. ಹಾಸನದ ಸೆಷನ್ಸ್ ಕೋರ್ಟಿನ 'ಸೆಷನ್' ಎಂದರೆ ನ್ಯಾಯಾಧೀಶರು ಕೂರುವುದು. ಪ್ರೆಸಿಡೆಂಟ್ ಎಂದರೆ ಮುಂದೆ ಕೂತವನು. ಕಂದಾಯ ನಿಗದಿ ಮಾಡುವ ಅಸೆಸ್‌ಮೆಂಟ್ ಮೂಲದಲ್ಲಿ ನ್ಯಾಯಾಧೀಶರ ಪಕ್ಕ ಕೂತು ಸಲಹೆ ಕೊಡುವವರ ಕೆಲಸ. ಅಂಗಿಯ 'ಸೈಜ್' ಕೂಡ ಇಲ್ಲಿಯದೇ ಎಂದರೆ ನಂಬುವುದು ಕಷ್ಟ. ತೂಕ ಮತ್ತು ಅಳತೆಗಳನ್ನು ಗೊತ್ತುಮಾಡಲು ಕೂತ ಸಭೆಗೆ ಹಳೆಯ ಫ್ರೆಂಚಿನಲ್ಲಿ 'ಅಸೀಜ್' ಎಂಬ ಹೆಸರಿತ್ತು. ಸಭೆಯ ಹೆಸರು ಅದು ಗೊತ್ತುಮಾಡಿದ ಅಳತೆಗೆ ಅಂಟಿಕೊಂಡು, ಮೊದಲಕ್ಷರ ಉದುರಿ ಸೈಜ್ ಉಳಿಯಿತು. ಇಂಗ್ಲಿಷಿನದೇ ನೇರ ಸಂತಾನದಲ್ಲಿ ಸೆಟ್ಲ್, ಹೊಗೆ ಕೂತ ಮಸಿಗೆ ಹೇಳುವ ಸೂಟ್, ಹಕ್ಕಿ ಕೂರುವ ನೆಸ್ಟ್ ಸೇರಿವೆ. ಈ ನೆಸ್ಟ್ ಮತ್ತು ಸಂಸ್ಕೃತದ ನೀಡ ಒಂದೇ ಪದ. 'ನಿ' ಎಂದರೆ ಕೆಳಗೆ, ಅದರ ಜೊತೆ ಸದ್.

ಸಂಸ್ಕೃತದ ದಕಾರ ಇಂಗ್ಲಿಷಿನಲ್ಲಿ ಟಕಾರ ಆಗುವುದು ಇಲ್ಲಿ ಮಾತ್ರವಲ್ಲ. ದ್ವಿಗೆ ಟೂ, ದಶಕ್ಕೆ ಟೆನ್, ತಿನ್ನು ಎಂಬರ್ಥದ ಅದ್‌ಗೆ ಈಟ್, ಸ್ವಾದುಗೆ ಸ್ವೀಟ್. ಹಾಗೆಯೇ ಸದ್‌ಗೆ ಸಿಟ್. ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಇಂಥ ಪಲ್ಲಟಗಳನ್ನು ಒಂದು ನಿಯಮವಾಗಿ ಬಿಡಿಸಿಟ್ಟ, ಇಂದಿಗೂ ಅದಕ್ಕೆ ಅವನದೇ ಹೆಸರಿದೆ. ಈ ನಿಯಮ ಗೊತ್ತಿಲ್ಲದೆ ಬರೀ ಕಿವಿಯಿಂದ ನೆಂಟಸ್ತನ ಹುಡುಕಲು ಹೊರಟರೆ ಕೆಡುತ್ತದೆ. ಸೆಟ್ ಎಂದರೆ ಗಟ್ಟಿಯಾಗು, ಕನ್ನಡದಲ್ಲಿ 'ಸೆಟೆದು ನಿಲ್ಲು' ಎಂದಿದೆ, ಆದ್ದರಿಂದ ಎರಡೂ ಒಂದೇ ಎಂದು ವಾದಿಸುವವರಿದ್ದಾರೆ. ಒಂದೇ ಅಲ್ಲ. ಸೆಟೆ ದ್ರಾವಿಡ ಪದ, ಹೋಲಿಕೆ ಆಕಸ್ಮಿಕ. ಸೆಟ್ಟಿಗೂ ಇದಕ್ಕೂ ಅಷ್ಟೇ ದೂರ. ಅದು ಶ್ರೇಷ್ಠಿಯಿಂದ ಪ್ರಾಕೃತದ ಮೂಲಕ ಬಂದದ್ದು.

ಇನ್ನು ಅರ್ಥಗಳ ಹರವು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1928ರಲ್ಲಿ ಮೊದಲ ಬಾರಿ ಪೂರ್ಣಗೊಂಡಿತು. ಅದರಲ್ಲಿ ಈ ಪದ ಇರುವ ಭಾಗವನ್ನು ಸಂಪಾದಿಸಿದವರು ಹೆನ್ರಿ ಬ್ರ್ಯಾಡ್ಲಿ. 1989ರ ಎರಡನೆಯ ಆವೃತ್ತಿಯಲ್ಲಿ ಸೆಟ್ ಕ್ರಿಯಾಪದಕ್ಕೆ 430ರಷ್ಟು ಅರ್ಥಗಳು. ಇಡೀ ನಿಘಂಟಿನ ಅತಿ ಉದ್ದದ ನಮೂದು ಅದೇ ಆಗಿತ್ತು. ಮೂರನೆಯ ಆವೃತ್ತಿಯ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದೆ ಹಾಕಿತು. 2011ರ ಹೊತ್ತಿಗೆ ರನ್ ಕ್ರಿಯಾಪದದ ಅರ್ಥಗಳು 645 ಎಂದು ಪ್ರಕಟವಾಯಿತು. ಅಷ್ಟನ್ನೂ ಯಾರೂ ಕಲಿಯಬೇಕಿಲ್ಲ. ಅವು ಹೇಗೆ ಹರಡಿದವು ಎಂದು ತಿಳಿದರೆ ಸಾಕು.

ಕೂರಿಸುವುದು ಎಂದರೆ ಸುಮ್ಮನೆ ಇಡುವುದಲ್ಲ. ಒಂದು ವಸ್ತುವಿಗೆ ತನ್ನದೇ ಆದ ಜಾಗವೊಂದಿದೆ, ಅಲ್ಲಿಗೆ ಅದನ್ನು ಸರಿಯಾಗಿ ಸೇರಿಸಿ ಅಲುಗಾಡದಂತೆ ಮಾಡುವುದು. ಆದ್ದರಿಂದಲೇ ಮೂಳೆಗೆ ಪುಟ್ ಬಳಸುವುದಿಲ್ಲ, ಸೆಟ್ ಬಳಸುತ್ತಾರೆ. ಮುರಿದ ತುದಿಗಳು ಒಂದಕ್ಕೊಂದು ನೇರವಾಗಿ ಕೂರದಿದ್ದರೆ ಸೊಟ್ಟಗೆ ಬೆಸೆಯುತ್ತದೆ. ಈ 'ಸರಿಯಾಗಿ' ಎಂಬ ಅಂಶದಿಂದ ಹೊಂದಿಸು ಎಂಬ ಅರ್ಥ ಬಂತು: ಅಲಾರಂ, ಗಡಿಯಾರ, ಥರ್ಮೋಸ್ಟ್ಯಾಟ್. ಮರಗೆಲಸದಲ್ಲಿ ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ತುಸುವೇ ಬಾಗಿಸುವುದಕ್ಕೂ ಸೆಟ್ ಎನ್ನುತ್ತಾರೆ. ಹಾಗೆ ಬಾಗಿಸಿದರೆ ಕೊಯ್ದ ಸೀಳು ಅಲಗಿಗಿಂತ ಅಗಲವಾಗುತ್ತದೆ. ಬಾಗು ಸವೆದುಹೋದ ಗರಗಸ ಹಸಿ ಮರದಲ್ಲಿ ಸಿಕ್ಕಿಕೊಳ್ಳುತ್ತದೆ, ಎಷ್ಟೇ ಹರಿತ ಮಾಡಿದರೂ ಅಷ್ಟೆ. 'ಅಲುಗಾಡದಂತೆ' ಎಂಬ ಅಂಶದಿಂದ ಗೊತ್ತುಮಾಡು ಎಂಬ ಅರ್ಥ ಬಂತು: ದಿನಾಂಕ ಗೊತ್ತುಮಾಡುವುದು, ಬೆಲೆ ಕಟ್ಟುವುದು, ಪ್ರಶ್ನೆಪತ್ರಿಕೆ ತಯಾರಿಸುವುದು. ಬೋನು, ಉರುಳುಗಳಿಗೂ ಇದೇ. ಅರಣ್ಯ ಇಲಾಖೆಯವರು ಚಿರತೆಗೆ ಬೋನು ಇಟ್ಟರು ಎನ್ನುತ್ತೇವಲ್ಲ, ಅಲ್ಲಿ ಪೆಟ್ಟಿಗೆ ತಂದಿಟ್ಟರೆ ಸಾಲದು, ಬಾಗಿಲು ಬೀಳುವ ಕೀಲನ್ನು ಹೂಡಿರಬೇಕು. ಆ ಹೂಡಿಕೆಯೇ ಸೆಟ್.

ಗಿಡ ನೆಡುವುದಕ್ಕೂ ಹಳೆಯ ಇಂಗ್ಲಿಷ್ ರೈತರು ಸೆಟ್ ಎನ್ನುತ್ತಿದ್ದರು, ನೆಡುವ ತುಂಡಿಗೂ ಆ ಹೆಸರು ಬಂತು. ಚನ್ನರಾಯಪಟ್ಟಣದ ಕಡೆ ಕಬ್ಬು ನೆಡಲು ಎರಡು ಅಥವಾ ಮೂರು ಕಣ್ಣಿನ ತುಂಡುಗಳನ್ನು ಕತ್ತರಿಸುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಇಂಗ್ಲಿಷ್ ಕೈಪಿಡಿಗಳಲ್ಲಿ ಆ ತುಂಡಿಗೆ ಸೆಟ್ ಎಂದೇ ಹೆಸರು, ಆದರೆ ಕೊನೆಯಲ್ಲಿ ಎರಡು ಟೀ ಇರುತ್ತವೆ. ಅಚ್ಚಿನ ತಪ್ಪೆಂದು ತಿದ್ದಬೇಡಿ. ಅದು ಹಳೆಯ ಕಾಗುಣಿತ, ಕಬ್ಬಿಗೆ ಹಾಗೇ ಉಳಿದುಕೊಂಡಿದೆ.

ಈಗ ತೊಡಕಿನ ಭಾಗ. ಕೂರಿಸು ಎನ್ನಲು ಕೂರಿಸುವವನೊಬ್ಬ ಬೇಕು. ಆದರೆ ಸೂರ್ಯ ಸೆಟ್ ಆಗುತ್ತಾನೆ, ಸಿಮೆಂಟ್ ಸೆಟ್ ಆಗುತ್ತದೆ, ಮೊಸರು ಸೆಟ್ ಆಗುತ್ತದೆ, ಕಾಫಿಯಲ್ಲಿ ಕಾಯಿ ಸೆಟ್ ಆಗುತ್ತದೆ. ಇಲ್ಲೆಲ್ಲ ಕರ್ಮಪದವೇ ಇಲ್ಲ. ಸೂರ್ಯನದು ತೀರಾ ಹಳೆಯ ಕಲ್ಪನೆ. ಸೂರ್ಯಾಸ್ತಕ್ಕೆ ಹಳೆಯ ಇಂಗ್ಲಿಷಿನಲ್ಲಿ 'ಸೆಟ್ಲ್‌ಗಾಂಗ್' ಎಂಬ ಪದವಿತ್ತು, ಆಸನಕ್ಕೆ ಹೋಗುವುದು ಎಂದರ್ಥ. ಸೂರ್ಯ ದಿನದ ದಾರಿ ಮುಗಿಸಿ ತನ್ನ ಪೀಠದಲ್ಲಿ ಕೂರುತ್ತಾನೆ. ನಮ್ಮಲ್ಲಿ ಅವನು ಮುಳುಗುತ್ತಾನೆ ಅಥವಾ ಕಂತುತ್ತಾನೆ.

ಗಟ್ಟಿಯಾಗುವ ಅರ್ಥಕ್ಕೆ ಕನ್ನಡದಲ್ಲಿ ಕೂರು ಸಾಲದು. ಇಲ್ಲಿ ನಮ್ಮ ಭಾಷೆ ಇನ್ನೊಂದು ಕ್ರಿಯಾಪದವನ್ನು ಕರೆಯುತ್ತದೆ: ಕಟ್ಟು. ಹಾಲು ಹೆಪ್ಪುಗಟ್ಟುತ್ತದೆ, ಹೂವು ಕಾಯಿ ಕಟ್ಟುತ್ತದೆ, ತೆನೆ ಕಾಳು ಕಟ್ಟುತ್ತದೆ. ಸಡಿಲವಾಗಿದ್ದದ್ದು ಒಂದು ಆಕಾರಕ್ಕೆ ಬಂತು ಎಂಬುದೇ ಎರಡೂ ಕಡೆಯ ತಿರುಳು. ಅನುವಾದ ಮಾಡುವವರು ಇದನ್ನು ನೆನಪಿಟ್ಟರೆ 'ಮೊಸರು ಹೊಂದಿಸಲ್ಪಟ್ಟಿತು' ಎಂಬಂಥ ಯಂತ್ರಾನುವಾದದ ವಾಕ್ಯಗಳು ತಪ್ಪುತ್ತವೆ. ಕರ್ಮಪದ ಇದ್ದರೆ ಕೂರಿಸು, ಇಡು, ಹೂಡು, ಗೊತ್ತುಮಾಡು. ಇಲ್ಲದಿದ್ದರೆ ಕಟ್ಟು, ಮುಳುಗು, ಹಿಡಿ. ಇಷ್ಟು ನೋಡಿದರೂ ಅರ್ಧ ತಪ್ಪು ನಿಲ್ಲುತ್ತದೆ.

ಕಾಫಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಇಂಗ್ಲಿಷ್ ಬಾರದವರ ಬಾಯಲ್ಲೂ ಈ ಕ್ರಿಯಾಪದ ಓಡಾಡುವುದು ಅಲ್ಲೇ. ಹೂಮಳೆ ಬಿದ್ದು ಎಂಟರಿಂದ ಹತ್ತು ದಿನಕ್ಕೆ ಹೂ ಅರಳುತ್ತದೆ. ರೊಬಸ್ಟಾಕ್ಕೆ ಫೆಬ್ರುವರಿ, ಮಾರ್ಚಿನಲ್ಲಿ, ಅರೇಬಿಕಾಕ್ಕೆ ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಇಂಚಿನ ಆಸುಪಾಸು ಮಳೆ ಬೇಕು. ಅರಳಿದ ಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಎನ್ನುವ ಎರಡನೆಯ ಮಳೆ ಬರಬೇಕು. ಇಷ್ಟಾದರೆ 'ಕಾಯಿ ಚೆನ್ನಾಗಿ ಸೆಟ್ ಆಗಿದೆ' ಎನ್ನುತ್ತಾರೆ. ಹೂಮಳೆ ಮೂವತ್ತು ನಲವತ್ತು ಸೆಂಟ್‌ಗೆ (ನೂರು ಸೆಂಟ್ ಅಂದರೆ ಒಂದು ಇಂಚು) ನಿಂತುಹೋದರೆ ಮೊಗ್ಗು ಪೂರ್ತಿ ಅರಳುವುದಿಲ್ಲ. ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ರೊಬಸ್ಟಾಕ್ಕೆ ಇದರ ಪೆಟ್ಟು ಹೆಚ್ಚು: ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ಗಾಳಿಯೂ ಜೇನೂ ತರಬೇಕು. ಹೂ ತುಂಬಾ ಬಿಟ್ಟಿದೆ ಎಂದು ಫಸಲಿನ ಲೆಕ್ಕ ಹಾಕುವವರಿಗೆ ಹಿರಿಯ ಬೆಳೆಗಾರರು 'ಸೆಟ್ಟಿಂಗ್ ನೋಡಿ ಹೇಳು' ಎನ್ನುವುದು ಇದಕ್ಕೇ. ಇಂಗ್ಲಿಷಿನಲ್ಲಿ ಈ ಪ್ರಯೋಗಕ್ಕೆ ಪ್ಯಾಸಿವ್ ರೂಪ ಬೇಡ. 'ದ ಫ್ರೂಟ್ ಹ್ಯಾಸ್ ಸೆಟ್' ಸರಿ, 'ದ ಫ್ರೂಟ್ ಈಸ್ ಬೀಯಿಂಗ್ ಸೆಟ್' ಎಂದರೆ ಯಾರೋ ಕೈಯಿಂದ ಕಾಯಿ ಅಂಟಿಸುತ್ತಿದ್ದಾರೆ ಎಂದಾಗುತ್ತದೆ.

ಸಿಮೆಂಟಿನಲ್ಲಿ ಈ ಪದಕ್ಕೆ ಇನ್ನೂ ಬಿಗಿಯಾದ ಅರ್ಥವಿದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಇನಿಷಿಯಲ್ ಸೆಟ್ಟಿಂಗ್ 30 ನಿಮಿಷಕ್ಕಿಂತ ಮೊದಲು ಆಗಬಾರದು, ಫೈನಲ್ ಸೆಟ್ಟಿಂಗ್ 600 ನಿಮಿಷ ಮೀರಬಾರದು. ಸೆಟ್ ಆಯಿತು ಎಂದರೆ ಕಲಸಿದ್ದು ಹರಿಯುವುದನ್ನು ನಿಲ್ಲಿಸಿ ಆಕಾರ ಹಿಡಿಯಿತು ಎಂದಷ್ಟೆ. ಬಲ ಬರುವುದು ಆಮೇಲೆ, ಅದಕ್ಕೆ ಹಾರ್ಡನಿಂಗ್ ಎನ್ನುತ್ತಾರೆ, 28 ದಿನದ ಬಲವನ್ನು ಅಳೆಯುವುದು ಅದಕ್ಕೇ. 'ಸೆಟ್ ಆಗಿದೆಯಲ್ಲ' ಎಂದು ತಾರಸಿಯ ಸೆಂಟ್ರಿಂಗ್ ಬೇಗ ಬಿಚ್ಚುವುದು ಈ ಎರಡು ಪದಗಳನ್ನು ಒಂದೆಂದು ಭಾವಿಸಿದ ತಪ್ಪು. ಸೆಟ್ ಆಗತೊಡಗಿದ ಗಾರೆಗೆ ಮತ್ತೆ ನೀರು ಹುಯ್ದು ಕಲಸುವುದೂ ತಪ್ಪೇ. ಕಟ್ಟಿಕೊಳ್ಳುತ್ತಿದ್ದ ಹಿಡಿತ ಒಡೆದು ಬಲ ಕುಂದುತ್ತದೆ.

ಆ ಉಳಿದ ಕಾಲು ಪಾಲು ಏನಾಯಿತು? ಸೆಟ್ ದೋಸೆ, ಪಂಪ್‌ಸೆಟ್, ಟಿವಿ ಸೆಟ್, ಒಂದು ಸೆಟ್ ಬಟ್ಟೆ. ಇವುಗಳನ್ನು ಕೂರಿಸುವುದರಿಂದ ವಿವರಿಸಲು ಹೋಗಬೇಡಿ, ಇದು ಬೇರೆಯೇ ಪದ. ಲ್ಯಾಟಿನ್ನಿನಲ್ಲಿ 'ಸೆಕ್ವಿ' ಎಂದರೆ ಹಿಂಬಾಲಿಸು. ಅದರಿಂದ 'ಸೆಕ್ತಾ', ಒಬ್ಬನನ್ನು ಹಿಂಬಾಲಿಸುವ ಗುಂಪು. ಅದು ಹಳೆಯ ಫ್ರೆಂಚಿನಲ್ಲಿ 'ಸೆತ್ತ' ಆಗಿ ಇಂಗ್ಲಿಷಿಗೆ ಬಂದು ಸೆಟ್ ಆಯಿತು. ಪಂಥ ಎಂಬರ್ಥದ ಸೆಕ್ಟ್ ಇದರ ಒಡಹುಟ್ಟು. ಕ್ರಿಯಾಪದದ ರೂಪವೂ ನಾಮಪದದ ರೂಪವೂ ಒಂದೇ ಆದದ್ದರಿಂದ ಜನ ಎರಡನ್ನೂ ಬೆರೆಸಿ, ಒಟ್ಟಿಗೆ ಜೋಡಿಸಿಟ್ಟದ್ದೇ ಸೆಟ್ ಎಂದು ತಿಳಿದರು. ಈ ಎರಡನೆಯ ಕುಲದಲ್ಲಿ ಒಟ್ಟಿಗೆ ಹೋಗುವ ಬಟ್ಟೆಯಾದ ಸೂಟ್ ಇದೆ, ಸೀಕ್ವೆನ್ಸ್ ಇದೆ, ಜೊತೆಗಾರರ ಕೂಟವಾದ ಸೊಸೈಟಿ ಇದೆ. ಸಂಸ್ಕೃತದಲ್ಲಿ ಇದೇ ಮೂಲದಿಂದ ಸಖ, ಸಚಿವ. ಅಲ್ಲಿಗೆ ಪಂಪ್‌ಸೆಟ್‌ನ ಸೆಟ್‌ಗೂ ಸಚಿವರಿಗೂ ರಕ್ತಸಂಬಂಧ, ಅಲಾರಂ ಸೆಟ್ ಮಾಡುವುದಕ್ಕೂ ವಿಧಾನ ಪರಿಷತ್ತಿಗೂ ರಕ್ತಸಂಬಂಧ. ಆದರೆ ಪಂಪ್‌ಸೆಟ್‌ಗೂ ಅಲಾರಂ ಸೆಟ್ಟಿಗೂ ಇಲ್ಲ. ಗಣಿತದ ಸೆಟ್, ನಮ್ಮ ಪಠ್ಯದ 'ಗಣ', ಗುಂಪಿನ ಕುಲದ್ದು. ಸಿನಿಮಾದವರು ಮಲೆನಾಡಿಗೆ ಬಂದು ಹಾಕುವ ಸೆಟ್ ಕ್ರಿಯಾಪದದ್ದು, ನಿಲ್ಲಿಸಿ ಕೂರಿಸಿದ್ದು ಎಂದರ್ಥ.

ಅಪ್‌ಸೆಟ್ ಎಂಬ ಪದದ ಕಥೆಯೂ ಕುತೂಹಲದ್ದು. ಈಗ ಬೇಸರಗೊಂಡ ಎಂದು ಬಳಸುತ್ತೇವೆ, ಅದಕ್ಕೂ ಮೊದಲು ತಲೆಕೆಳಗು ಮಾಡು ಎಂಬ ಅರ್ಥವಿತ್ತು. ಮೂಲದಲ್ಲಿ ಅದು ನೇರ ಉಲ್ಟಾ: ಮೇಲಕ್ಕೆ ನಿಲ್ಲಿಸು. ಆ ಅರ್ಥ ಒಂದು ಕಡೆ ಬದುಕಿದೆ. ಬ್ಯಾಂಕಿನ ಹರಾಜು ಪ್ರಕಟಣೆಗಳಲ್ಲಿ 'ಅಪ್‌ಸೆಟ್ ಪ್ರೈಸ್' ಎಂದಿರುತ್ತದಲ್ಲ, ಅದು ಮೇಲೆ ನಿಲ್ಲಿಸಿದ ಬೆಲೆ, ಅಂದರೆ ಅದಕ್ಕಿಂತ ಕೆಳಗೆ ಸವಾಲು ಕೂಗುವಂತಿಲ್ಲ. ಬೆಲೆ ಬಿದ್ದುಹೋಗಿದೆ ಎಂದು ಓದಿಕೊಂಡರೆ ಮೋಸ.

ಸೆಟ್ ಜೊತೆಗೆ ಒಂದು ಸಣ್ಣ ಪದ ಸೇರಿದಾಗ ಕಚೇರಿ ಕಾಗದಗಳಲ್ಲಿ ಆಗುವ ಎಡವಟ್ಟು ದೊಡ್ಡದು. 'ಸೆಟ್ ಅಸೈಡ್' ಅಡುಗೆಯಲ್ಲಿ ಪಕ್ಕಕ್ಕಿಡು, ಬಜೆಟ್ಟಿನಲ್ಲಿ ಮೀಸಲಿಡು, ಕೋರ್ಟಿನಲ್ಲಿ ರದ್ದುಮಾಡು. ಮೇಲಿನ ಕೋರ್ಟು ತಹಶೀಲ್ದಾರರ ಆದೇಶವನ್ನು ಸೆಟ್ ಅಸೈಡ್ ಮಾಡಿತು ಎಂದರೆ ಆ ಆದೇಶ ಇನ್ನಿಲ್ಲ. ಪಕ್ಕಕ್ಕಿಟ್ಟಿದೆ, ಆಮೇಲೆ ನೋಡುತ್ತಾರೆ ಎಂದು ತಿಳಿದು ಮೇಲ್ಮನವಿಯ ಗಡುವು ಕಳೆದುಕೊಳ್ಳಬಾರದು. 'ಸೆಟ್ ಆಫ್' ಪ್ರಯಾಣದಲ್ಲಿ ಹೊರಡು, ಪಟಾಕಿಯಲ್ಲಿ ಸಿಡಿಸು, ಆದಾಯ ತೆರಿಗೆಯಲ್ಲಿ ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ವಜಾ ಮಾಡು. 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 428ನೆಯ ಕಲಮಿನಲ್ಲಿ ಅದೇ ಪದವಿತ್ತು: ವಿಚಾರಣೆಯ ವೇಳೆ ಒಳಗಿದ್ದ ದಿನಗಳನ್ನು ಶಿಕ್ಷೆಯಿಂದ ಕಳೆಯುವುದು. 'ಸೆಟ್‌ಬ್ಯಾಕ್' ಪತ್ರಿಕೆಯಲ್ಲಿ ಹಿನ್ನಡೆ, ನಗರಸಭೆಯ ನಕ್ಷೆಯಲ್ಲಿ ಗಡಿಗೂ ಗೋಡೆಗೂ ನಡುವೆ ಬಿಡಬೇಕಾದ ಜಾಗ.

'ಸೆಟ್ ಇನ್'ಗೆ ಮಾತ್ರ ಕನ್ನಡದಲ್ಲಿ ಅಚ್ಚುಕಟ್ಟಾದ ಮಾತಿದೆ. ಜೂನಿನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ 'ಮಳೆ ಹಿಡೀತು' ಎನ್ನುತ್ತೇವೆ. ಬಂತು ಅಂದರೆ ಒಂದು ಮಳೆ, ಹಿಡಿಯಿತು ಅಂದರೆ ಇನ್ನು ಬಿಡುವುದಿಲ್ಲ. ಸೆಟ್ ಇನ್‌ನ ಅರ್ಥ ಅಷ್ಟೇ ಖಚಿತ: ಬಂದು, ಕೂತು, ಕೆಲಕಾಲ ಇರುವಂಥದ್ದು. ಅದನ್ನು ಹೆಚ್ಚಾಗಿ ಹೇಳುವುದು ಬೇಡದ ಸಂಗತಿಗಳಿಗೆ. ಚಳಿ, ಕೊಳೆರೋಗ, ಗ್ಯಾಂಗ್ರೀನ್. ಇದಕ್ಕೆ ಕರ್ಮಪದ ಸೇರಿಸಬೇಡಿ.

ರೂಪಗಳ ವಿಷಯ ಸಣ್ಣದು, ಬೇಗ ಹೇಳಿಬಿಡುತ್ತೇನೆ. ವರ್ತಮಾನ, ಭೂತ, ಕೃದಂತ ಮೂರೂ ಸೆಟ್. ಭೂತಕಾಲದ ಪ್ರತ್ಯಯವೂ ದಂತ್ಯ ಧ್ವನಿ, ಧಾತುವಿನ ಕೊನೆಯೂ ಅದೇ, ಎರಡೂ ಕೂಡಿ ಒಂದಾಗಿಬಿಟ್ಟವು. ಪುಟ್, ಕಟ್, ಹಿಟ್, ಶಟ್ ಎಲ್ಲ ಈ ಸಾಲಿನವೇ. 'ಸೆಟ್ಟೆಡ್' ಎಂಬ ರೂಪ ಇಲ್ಲ. 'ಹೀ ಸೆಟ್ ದ ಅಲಾರಂ' ಎಂದಿದ್ದರೆ ಅದು ಭೂತಕಾಲವೇ, ವರ್ತಮಾನವಾಗಿದ್ದರೆ ಸೆಟ್ಸ್ ಇರಬೇಕಿತ್ತು. 'ಸೆಟ್ ಅಪ್' ಕ್ರಿಯೆಯಾದಾಗ ಬಿಡಿಯಾಗಿ ಬರೆದು ಅಪ್ ಮೇಲೆ ಒತ್ತು ಕೊಡಿ. ನಾಮಪದವಾದಾಗ ಕೂಡಿಸಿ ಬರೆದು ಸೆಟ್ ಮೇಲೆ ಒತ್ತು. ನಡುವೆ 'ಇಟ್' ಬಂದರೆ 'ಸೆಟ್ ಇಟ್ ಅಪ್', 'ಸೆಟ್ ಅಪ್ ಇಟ್' ಆಗದು. ಕೂರು ಎನ್ನಲು ಸಿಟ್, ಕೂತ ಎನ್ನಲು ಸ್ಯಾಟ್. 'ಪ್ಲೀಸ್ ಸೆಟ್ ಡೌನ್' ಎಂದು ಬಂದವರಿಗೆ ಹೇಳಿದರೆ ಏನನ್ನು ಕೆಳಗಿಡಲಿ ಎಂದು ಅವರು ಕೈ ನೋಡಿಕೊಳ್ಳಬೇಕಾಗುತ್ತದೆ. 'ನಂಗೂ ಅವನಿಗೂ ಸೆಟ್ ಆಗಲ್ಲ' ಎಂಬುದು ಒಳ್ಳೆಯ ಕನ್ನಡ, ಇಂಗ್ಲಿಷಿಗೆ ಹೋಗುವಾಗ ಅದನ್ನು ಇಲ್ಲೇ ಬಿಟ್ಟು ಹೋಗಬೇಕು. ಅಲ್ಲಿ ಆ ಮಾತಿಗೆ 'ಗೆಟ್ ಅಲಾಂಗ್' ಬೇಕು.

ಕನ್ನಡಿಗರ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಸೆಟ್ ಬಳಸುವುದರಲ್ಲಿ ಇಲ್ಲ, ಬಳಸದಿರುವುದರಲ್ಲಿದೆ. ಇಡು ಎನ್ನಬೇಕಾದಲ್ಲೆಲ್ಲ ನಾವು 'ಕೀಪ್' ಎನ್ನುತ್ತೇವೆ. 'ಕೀಪ್ ದ ಬುಕ್ ಆನ್ ದ ಟೇಬಲ್' ಎಂದರೆ ಪುಸ್ತಕ ಈಗ ಮೇಜಿನ ಮೇಲೆಯೇ ಇದೆ, ಅಲ್ಲಿಂದ ತೆಗೆಯಬೇಡ ಎಂದರ್ಥ. ಕೈಯಲ್ಲಿರುವುದನ್ನು ಮೇಜಿನ ಮೇಲೆ ಇಡು ಎನ್ನಲು 'ಪುಟ್' ಸಾಕು. ಜೋಪಾನವಾಗಿ, ಸರಿಯಾದ ಜಾಗದಲ್ಲಿ ಇಡು ಎನ್ನಲು 'ಸೆಟ್'. ಕನ್ನಡದಲ್ಲೇ ಈ ಭೇದ ಸಿದ್ಧವಾಗಿದೆ: ಇಡು ಎಂದರೆ ಪುಟ್ ಅಥವಾ ಸೆಟ್, ಇಟ್ಟುಕೊ ಎಂದರೆ ಕೀಪ್. 'ಚಿಲ್ಲರೆ ನೀನೇ ಇಟ್ಟುಕೊ' ಎನ್ನುವಾಗ ಕೀಪ್, 'ಚೀಲ ಅಲ್ಲಿಡು' ಎನ್ನುವಾಗ ಪುಟ್, ತುಂಬಿದ ಹಾಲಿನ ಪಾತ್ರೆ ಚೆಲ್ಲದಂತೆ ಕಟ್ಟೆಯ ಮೇಲಿಡು ಎನ್ನುವಾಗ ಸೆಟ್. ವಾಕ್ಯವನ್ನು ಬಾಯಿಗೆ ತರುವ ಮೊದಲು 'ಕೊ' ಇದೆಯೇ ಇಲ್ಲವೇ ನೋಡಿ. 'ಕೊ' ಇಲ್ಲದಿದ್ದರೆ ಕೀಪ್ ಬೇಡ.